ಬಾಲದ ತೊಟ್ಟು ಎಷ್ಟು ದಪ್ಪ? ಮೀನಿನ ಅಳತೆ, ಆಕಾರ, ಈಜಿನ ಬಗ್ಗೆ ಮಾತಾಡಿದ್ದು

ಇದು ಸಭೇಲಿ ಮಾತಾಡಿದ್ದನ್ನ ಆಮೇಲೆ ಬರೆದಿರೋದು. ಬರೀಬೇಕಾದ್ರೆ ಅಲ್ಲಲ್ಲಿ ಹಿಂದೆ ಮುಂದೆ ಜೋಡಿಸಿದ್ದೀನಿ, ಪರದೆ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಅದಕ್ಕೆ ಅವನ್ನ ಬಾಯಲ್ಲೇ ವಿವರಿಸ್ತಾ ಹೋಗ್ತೀನಿ.

ಎರಡು ಮೀನು ಕಣ್ಮುಂದೆ ತಂದ್ಕೊಳಿ. ಒಂದು ಹಾವುಮೀನು, ಇನ್ನೊಂದು ಮಾಂಜಿ. ಎರಡೂ ಮೂತಿಯಿಂದ ಬಾಲದ ತುದಿವರೆಗೆ 30 ಸೆಂಟಿಮೀಟರ್ ಅಂತ ಇಟ್ಕೊಳಿ. ನೋಟ್‌ಬುಕ್ಕಲ್ಲಿ ಬರೀ 30, 30 ಅಂತ ಬರೆದಿಟ್ರೆ ಆರು ತಿಂಗಳಾದ್ಮೇಲೆ ತೆಗೆದು ನೋಡೋರಿಗೆ ಏನು ಗೊತ್ತಾಗತ್ತೆ? ಒಂದು ಕೆಸರಲ್ಲಿ, ಕಲ್ಲಿನ ಸಂದೀಲಿ ನುಸುಳಿಕೊಂಡು ಬದುಕೋ ಜೀವ, ಇನ್ನೊಂದು ತಟ್ಟೆಯನ್ನ ನೆಟ್ಟಗೆ ನಿಲ್ಲಿಸಿದ ಹಾಗೆ ಇರೋದು, ತೂಕದಲ್ಲೂ ಒಂದಕ್ಕೊಂದು ಸಂಬಂಧ ಇಲ್ಲ, ಈಜೋ ರೀತೀಲಂತೂ ಇಲ್ಲವೇ ಇಲ್ಲ. ಅದೇ ಜೊತೆಗೆ ಮೈಯಿನ ಎತ್ತರ ಒಂದನ್ನ ಬರೆದಿದ್ರೆ, ಅಂದ್ರೆ ಬೆನ್ನಿಂದ ಹೊಟ್ಟೆವರೆಗೆ ಎಷ್ಟು ಅಂತ, ಅರ್ಧ ಕಥೆ ಅಲ್ಲೇ ಸಿಕ್ಕಿಬಿಡ್ತಿತ್ತು.

ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ: ಮೀನಿನಿಂದ ತೆಗೆದ ಯಾವ ಅಳತೆ ತಗೊಂಡ್ರೂ ಅದರಲ್ಲಿ ಮೂರು ವಿಷಯ ಕಲಸಿಕೊಂಡಿರತ್ತೆ. ಮೀನು ಎಷ್ಟು ದೊಡ್ಡದು, ಎಂಥ ಆಕಾರದ್ದು, ಹೇಗೆ ಈಜಿ ಬದುಕತ್ತೆ. ಈ ಮೂರನ್ನ ಬಿಡಿಸೋದೇ ನಿಜವಾದ ಕೆಲಸ, ಸ್ಕೇಲ್ ಇಡೋದು ಅದರ ಮುಂಚಿನ ಸಣ್ಣ ಹೆಜ್ಜೆ. ಆದ್ರೆ ಆ ಸಣ್ಣ ಹೆಜ್ಜೆ ತಪ್ಪಿದ್ರೆ ಮುಂದಿಂದೆಲ್ಲ ತಪ್ಪತ್ತೆ, ಅದಕ್ಕೆ ಅಲ್ಲಿಂದಲೇ ಶುರು ಮಾಡೋಣ.

ಉದ್ದ ಅಂದ್ರೆ ಎಲ್ಲಿಂದ ಎಲ್ಲಿವರೆಗೆ? ಮೂತಿ ತುದಿ ಅಂತ ಒಂದು ಕಡೆ ಎಲ್ಲರೂ ಒಪ್ತಾರೆ. ಇನ್ನೊಂದು ಕಡೆ ಮೂರು ಜಾಗ ಇದೆ. ಬಾಲದ ಈಜುರೆಕ್ಕೆಯ ಕಟ್ಟಕಡೆಯ ತುದಿವರೆಗೆ ಹಿಡಿದ್ರೆ ಟೋಟಲ್ ಲೆಂತ್. ಬಾಲ ಕವಲೊಡೆದಿರತ್ತಲ್ಲ, ಆ ಕವಲಿನ ಒಳಗಿನ ಮೂಲೆವರೆಗೆ ಹಿಡಿದ್ರೆ ಫೋರ್ಕ್ ಲೆಂತ್. ರೆಕ್ಕೆಯನ್ನ ಲೆಕ್ಕಕ್ಕೇ ತಗೊಳ್ದೆ ಬೆನ್ನುಮೂಳೆ ಮುಗಿಯೋ ಜಾಗಕ್ಕೆ, ಬಾಲದ ರೆಕ್ಕೆ ಹುಟ್ಟೋ ಬುಡಕ್ಕೆ ನಿಲ್ಲಿಸಿದ್ರೆ ಸ್ಟ್ಯಾಂಡರ್ಡ್ ಲೆಂತ್. ಆ ಬುಡ ಹುಡುಕೋಕೆ ಒಂದು ಸುಲಭ ಉಪಾಯ ಇದೆ, ಬಾಲವನ್ನ ಮೆಲ್ಲಗೆ ಪಕ್ಕಕ್ಕೆ ಬಗ್ಗಿಸಿದ್ರೆ ಮೂಳೆ ಮುಗಿಯೋ ಕಡೆ ಒಂದು ಮಡಿಕೆ ಬೀಳತ್ತೆ, ಅದೇ ಗೆರೆ. ಟ್ಯೂನಾ ಥರದ ಗಟ್ಟಿ ಕವಲುಬಾಲದ ಮೀನಿಗೆ ಫೋರ್ಕ್ ಲೆಂತ್ ಬಳಸ್ತಾರೆ, ಜಾತಿ ಗುರುತಿಸೋ ಮ್ಯೂಸಿಯಂ ಕೆಲಸಕ್ಕೆ ಸ್ಟ್ಯಾಂಡರ್ಡ್ ಲೆಂತ್, ಯಾಕಂದ್ರೆ ಜಾಡಿಯಲ್ಲಿಟ್ಟ ಮೀನಿನ ಬಾಲದ ತುದಿ ಮುರಿದಿರೋದೇ ಜಾಸ್ತಿ.

ಇದನ್ನ ಇಷ್ಟು ಎಳೆದು ಹೇಳ್ತಿರೋದಕ್ಕೆ ಕಾರಣ ಇದೆ. ನಾನು ಈ ಕೆಲಸಕ್ಕೆ ಬಂದ ಮೊದಲ ವರ್ಷ ಇಬ್ಬರು ಸೇರ್ಕೊಂಡು ಒಂದೇ ಜಾತಿ ಮೀನು ಅಳೀತಿದ್ವಿ, ಒಬ್ಬರು ಬೆಳಿಗ್ಗೆ ಒಬ್ಬರು ಸಂಜೆ. ಅವರು ಟೋಟಲ್ ಲೆಂತ್ ಬರೀತಿದ್ರು, ನಾನು ಸ್ಟ್ಯಾಂಡರ್ಡ್ ಲೆಂತ್ ಬರೀತಿದ್ದೆ, ಪುಸ್ತಕದ ಕಾಲಂ ಮೇಲೆ ಬರೀ ಉದ್ದ ಅಂತ ಇತ್ತು. ತಿಂಗಳುಗಟ್ಟಲೆ ಹಾಗೇ ನಡೀತು. ಗ್ರಾಫ್ ಹಾಕಿದಾಗ ಒಂದೇ ಜಾತಿ ಮೀನು ಎರಡು ಗುಂಪಾಗಿ ಒಡೆದು ಕೂತಿದ್ವು, ನಾವು ಎರಡು ಬೇರೆ ತಳಿ ಸಿಕ್ಕಿತೇನೋ ಅಂತ ಎರಡು ದಿನ ನಿದ್ದೆ ಇಲ್ದೆ ಕೂತಿದ್ವಿ. ಆಮೇಲೆ ಗೊತ್ತಾದಾಗ ಆದ ಬೇಜಾರು ಇನ್ನೂ ಹೋಗಿಲ್ಲ, ಯಾಕಂದ್ರೆ ಅಳೆದ ಮೀನುಗಳು ವಾಪಸ್ ಬರಲ್ಲ, ಅವುಗಳ ಜೀವ ಹೋಗಿದ್ದು ಹೋಗಿದ್ದೇ. ಅವತ್ತಿಂದ ಕಾಲಂ ಮೇಲೆ ಯಾವ ಉದ್ದ ಅಂತ ಬರೀದೇ ಇರೋ ಪುಸ್ತಕ ಕಂಡ್ರೆ ನಂಗೆ ತಡೆಯೋಕಾಗಲ್ಲ.

ಉದ್ದದ ಜೊತೆ ಇನ್ನೇನು ಅಳೀತೀವಿ ಅಂದ್ರೆ ತಲೆಯ ಉದ್ದ, ಅದು ಮೂತಿಯಿಂದ ಕಿವಿರು ಮುಚ್ಚಳದ ಹಿಂದಿನ ಅಂಚಿಗೆ. ಕಣ್ಣಿನ ಅಗಲ. ಮೈಯಿನ ಎತ್ತರ. ಮೈಯಿನ ದಪ್ಪ, ಅಂದ್ರೆ ಮೇಲಿಂದ ನೋಡಿದಾಗ ಕಾಣೋ ಅಗಲ, ಇದನ್ನ ಬಹಳ ಜನ ಬಿಟ್ಟೇಬಿಡ್ತಾರೆ, ಮೀನನ್ನ ಮಲಗಿಸಿ ಫೋಟೋ ತೆಗೆದ್ರೆ ಅದು ಕಾಣೋದೇ ಇಲ್ಲ ನೋಡಿ. ಮೂತಿಯಿಂದ ಬೆನ್ನಿನ ರೆಕ್ಕೆ ಶುರುವಾಗೋ ಜಾಗಕ್ಕೆ ಎಷ್ಟು ದೂರ. ಎದೆಯ ರೆಕ್ಕೆ ಎಷ್ಟು ಉದ್ದ. ಕೊನೇಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಅಳತೆ, ಬಾಲದ ತೊಟ್ಟು. ಹೊಟ್ಟೆ ಕಡೆಯ ಹಿಂದಿನ ರೆಕ್ಕೆ ಮುಗಿದು ಬಾಲದ ರೆಕ್ಕೆ ಹುಟ್ಟೋ ಮಧ್ಯದಲ್ಲಿ ಮೈ ಸಣ್ಣಗಾಗತ್ತಲ್ಲ, ಹಣ್ಣಿಗೂ ಕೊಂಬೆಗೂ ನಡುವಿನ ತೊಟ್ಟಿನ ಹಾಗೆ, ಅಲ್ಲಿ ಅತಿ ಸಣ್ಣ ಜಾಗದ ಎತ್ತರ. ಅದರ ಹತ್ರ ಮತ್ತೆ ಬರ್ತೀನಿ.

ಈಗ ಗಾತ್ರ. ಒಂದು ಮೀನು 20 ಸೆಂಟಿಮೀಟರ್ ಇದ್ದಾಗ 100 ಗ್ರಾಂ ತೂಗತ್ತೆ ಅಂತಿಟ್ಕೊಳಿ. ಆಕಾರ ಒಂಚೂರೂ ಬದಲಾಗ್ದೆ 40 ಸೆಂಟಿಮೀಟರಿಗೆ ಬೆಳೆದ್ರೆ ತೂಕ ಎಷ್ಟಾಗತ್ತೆ? ಸಭೇಲಿ ಕೇಳಿದಾಗ ಅರ್ಧ ಜನ 200 ಅಂದ್ರು. ಆಗೋದು 800. ಉದ್ದ ಎರಡರಷ್ಟು, ಎತ್ತರ ಎರಡರಷ್ಟು, ದಪ್ಪ ಎರಡರಷ್ಟು, ಮೂರನ್ನೂ ಗುಣಿಸಿದ್ರೆ ಎಂಟು. ಅದೇ ಹೊತ್ತಿಗೆ ಮೈಯಿನ ಹೊರಮೈ, ಚರ್ಮದ ವಿಸ್ತೀರ್ಣ, ನಾಲ್ಕರಷ್ಟು ಮಾತ್ರ ಆಗತ್ತೆ. ಇದನ್ನ ಮನಸ್ಸಲ್ಲಿಟ್ಕೊಳಿ: ಸ್ನಾಯು ತೂಕದ ಜೊತೆ ಬೆಳೆಯತ್ತೆ, ನೀರಿನ ಉಜ್ಜುವಿಕೆ ಹೊರಮೈ ಜೊತೆ ಬೆಳೆಯತ್ತೆ, ಎರಡೂ ಒಂದೇ ವೇಗದಲ್ಲಿ ಬೆಳೆಯಲ್ಲ. ದೊಡ್ಡ ಮೀನು ಅಂದ್ರೆ ಸಣ್ಣ ಮೀನನ್ನ ಜೂಮ್ ಮಾಡಿದ್ದು ಅಲ್ಲ ಅನ್ನೋದಕ್ಕೆ ಇದೇ ಮೂಲ.

ಹಾಗಂತ ನಿಜವಾದ ಮೀನು ಸರಿಯಾಗಿ ಮೂರನೇ ಘಾತಕ್ಕೇ ಬೆಳೆಯತ್ತಾ ಅಂದ್ರೆ ಇಲ್ಲ. ತೂಕ ಅಂದ್ರೆ ಉದ್ದದ ಯಾವುದೋ ಒಂದು ಘಾತ, ಆ ಘಾತದ ಸಂಖ್ಯೆ ಹೆಚ್ಚಿನ ಜಾತಿಗಳಲ್ಲಿ 2.5ರಿಂದ 3.5ರ ಒಳಗೆ ಇರತ್ತೆ, 3ರ ಸುತ್ತಮುತ್ತಲೇ ಗುಂಪುಗೂಡಿರತ್ತೆ. 3ಕ್ಕಿಂತ ಜಾಸ್ತಿ ಬಂದ್ರೆ ಬೆಳೀತಾ ಬೆಳೀತಾ ಮೀನು ತುಂಬಿಕೊಳ್ತಿದೆ ಅಂತ, ಕಮ್ಮಿ ಬಂದ್ರೆ ಉದ್ದಕ್ಕೇ ಎಳಕೊಳ್ತಿದೆ ಅಂತ. ಇದೇ ಲೆಕ್ಕದಿಂದ ಮೀನು ಚೆನ್ನಾಗಿ ತಿಂದುಂಡಿದೆಯಾ ಇಲ್ವಾ ಅಂತಾನೂ ನೋಡ್ತಾರೆ. ಗ್ರಾಂ ಲೆಕ್ಕದ ತೂಕವನ್ನ 100ರಿಂದ ಗುಣಿಸಿ ಸೆಂಟಿಮೀಟರ್ ಉದ್ದದ ಮೂರನೇ ಘಾತದಿಂದ ಭಾಗಿಸೋದು, ಇದಕ್ಕೆ ಫುಲ್ಟನ್ ಕಂಡೀಷನ್ ಫ್ಯಾಕ್ಟರ್ ಅಂತಾರೆ. ನಾವು ಹೇಳಿದ 20 ಸೆಂಟಿಮೀಟರಿನ 100 ಗ್ರಾಂ ಮೀನಿಗೆ ಅದು 1.25. ಅದೇ ಉದ್ದಕ್ಕೆ 70 ಗ್ರಾಂ ಇದ್ರೆ 0.87ರ ಹತ್ರ ಬರತ್ತೆ, ಮೀನು ಸೊರಗಿದೆ ಅಂತ ಅರ್ಥ. ಆದ್ರೆ ಎಚ್ಚರ, ಈ ನಂಬರ್ ಹಿಡ್ಕೊಂಡು ಹಾವುಮೀನನ್ನ ಮಾಂಜಿ ಜೊತೆ ಹೋಲಿಸಿದ್ರೆ ಹಾವುಮೀನು ಯಾವಾಗಲೂ ಉಪವಾಸ ಇದ್ದ ಹಾಗೇ ಕಾಣತ್ತೆ, ಅದು ಅದರ ಆಕಾರ ಅಷ್ಟೇ, ಹಸಿವಲ್ಲ. ಒಂದೇ ಜಾತಿಯೊಳಗೂ ಚಿಕ್ಕದು ದೊಡ್ಡದು ಹೋಲಿಸಿದ್ರೆ ಇದೇ ಗೋಳು, ಘಾತ 3 ಇಲ್ದಿದ್ರೆ ಗಾತ್ರ ಒಳಗೆ ನುಸುಳತ್ತೆ. 1951ರಲ್ಲಿ ಲೆ ಕ್ರೆನ್ ಅನ್ನೋರು ಇಂಗ್ಲೆಂಡಿನ ವಿಂಡರ್ಮಿಯರ್ ಸರೋವರದ ಪರ್ಚ್ ಮೀನುಗಳ ಮೇಲೆ ಕೆಲಸ ಮಾಡಿ, 3 ಅಂತ ಮೊದಲೇ ಹಿಡ್ಕೊಳೋ ಬದಲು ಆ ಜಾತಿಯ ಮೀನುಗಳಿಂದಲೇ ಸಿಕ್ಕ ಘಾತ ಹಾಕಿ, ಈ ಉದ್ದಕ್ಕೆ ಇರಬೇಕಾದ ತೂಕದ ಜೊತೆ ನಿಜ ತೂಕ ಹೋಲಿಸಿ ನೋಡಿ ಅಂದ್ರು. ನನ್ನ ಕೇಳಿದ್ರೆ ಅದೇ ನ್ಯಾಯವಾದ ದಾರಿ.

ತೂಕ ಬಿಡಿ, ಮೈಯಿನ ಒಂದೊಂದು ಭಾಗವೂ ತನ್ನದೇ ವೇಗದಲ್ಲಿ ಬೆಳೆಯತ್ತೆ. ಮರಿಮೀನು ನೋಡಿದ್ದೀರಲ್ಲ, ತಲೆ ದೊಡ್ಡದು, ಕಣ್ಣಂತೂ ಮುಖ ತುಂಬ. ದೊಡ್ಡದಾದ್ಮೇಲೆ ಕಣ್ಣು ಮೈಗೆ ಹೋಲಿಸಿದ್ರೆ ಸಣ್ಣದಾಗಿ ಕಾಣತ್ತೆ, ಕಣ್ಣೇನು ಕುಗ್ಗಿಲ್ಲ, ಮೈ ಮುಂದೆ ಓಡಿಬಿಟ್ಟಿದೆ. ಇಂಥ ಹೆಚ್ಚುಕಮ್ಮಿ ಬೆಳವಣಿಗೆಗೆ ಜೂಲಿಯನ್ ಹಕ್ಸ್ಲಿ ಮತ್ತು ಜಾರ್ಜ್ ಟೀಸಿಯೆ 1936ರಲ್ಲಿ ಅಲೋಮೆಟ್ರಿ ಅಂತ ಹೆಸರಿಟ್ರು. ಇದರಿಂದ ನಮಗೆ ಬರೋ ತೊಂದರೆ ಏನಂದ್ರೆ, ಒಬ್ಬರು ಒಂದು ಕೆರೆಯ ಮೀನಿನ ಕಣ್ಣು ತಲೆಯ ಉದ್ದದ 30 ಪರ್ಸೆಂಟ್, ಇನ್ನೊಂದು ಕೆರೆಯದ್ದು 24 ಪರ್ಸೆಂಟ್, ಆದ್ದರಿಂದ ಎರಡು ಬೇರೆ ಅಂತ ಬರೆದ್ರೆ ನಾನು ಕೇಳೋ ಮೊದಲ ಪ್ರಶ್ನೆ, ಎರಡೂ ಕಡೆ ಮೀನು ಒಂದೇ ಗಾತ್ರದ್ದಾ ಅಂತ. ಒಂದು ಕೆರೆಯಲ್ಲಿ ಬರೀ ಮರಿ ಸಿಕ್ಕಿ ಇನ್ನೊಂದರಲ್ಲಿ ದೊಡ್ಡವು ಸಿಕ್ಕಿದ್ರೆ ಆ ವ್ಯತ್ಯಾಸ ವಯಸ್ಸಿನದ್ದು, ತಳಿಯದ್ದಲ್ಲ. ಪರ್ಸೆಂಟ್ ಹಾಕಿದ ತಕ್ಷಣ ಗಾತ್ರ ಹೊರಟುಹೋಯ್ತು ಅಂತ ನಂಬೋದು ಈ ಕ್ಷೇತ್ರದ ಬಹಳ ಹಳೇ ತಪ್ಪು, ಇವತ್ತಿಗೂ ನಡೀತಿದೆ.

ಇನ್ನೊಂದು ಹಳೇ ತಪ್ಪು, ಎಲ್ಲ ಅಳತೇನೂ ಉದ್ದುದ್ದಕ್ಕೇ ತೆಗೆಯೋದು. ಮೂತಿಯಿಂದ ಇಲ್ಲಿಗೆ, ಮೂತಿಯಿಂದ ಅಲ್ಲಿಗೆ, ಹೀಗೆ ಹತ್ತು ಅಳತೆ ತೆಗೆದ್ರೂ ಎಲ್ಲದರಲ್ಲೂ ಅದೇ ಮೂತಿ ಕೂತಿರತ್ತೆ, ಬೆನ್ನು ಹೊಟ್ಟೆ ಕಡೆ ಏನಾಯ್ತು ಅಂತ ಗೊತ್ತೇ ಆಗಲ್ಲ. 1982ರಲ್ಲಿ ರಿಚರ್ಡ್ ಸ್ಟ್ರಾಸ್ ಮತ್ತು ಫ್ರೆಡ್ ಬುಕ್‌ಸ್ಟೈನ್ ಇದಕ್ಕೆ ಟ್ರಸ್ ಅನ್ನೋ ವಿಧಾನ ಕೊಟ್ರು. ಕಬ್ಬಿಣದ ಸೇತುವೆ ಪಕ್ಕದಲ್ಲಿ ಅಡ್ಡ ಉದ್ದ ಓರೆ ಸರಳುಗಳಿರತ್ತಲ್ಲ, ಹಾಗೇ ಮೀನಿನ ಅಂಚಿನ ಸುತ್ತ ಗುರುತು ಹಿಡಿಯಬಹುದಾದ ಜಾಗಗಳನ್ನ ಆರಿಸಿ, ಮೂತಿ, ರೆಕ್ಕೆಗಳ ಶುರು, ರೆಕ್ಕೆಗಳ ಕೊನೆ, ಬಾಲದ ಬುಡ, ಹೀಗೆ, ಪಕ್ಕಪಕ್ಕದ ಬಿಂದುಗಳ ನಡುವೆ ಎಲ್ಲ ದಿಕ್ಕಿಗೂ ಗೆರೆ ಎಳೆಯೋದು. ಹತ್ತು ಬಿಂದುಗೆ 21 ಅಳತೆ ಬರತ್ತೆ. ಈ 21 ನಂಬರಿಂದ ಮೀನಿನ ಹೊರ ಆಕಾರವನ್ನ ಕಾಗದದ ಮೇಲೆ ಮತ್ತೆ ಕಟ್ಟಬಹುದು, ಯಾವ ಮೂಲೆ ಹಿಗ್ಗಿದೆ ಯಾವುದು ಕುಗ್ಗಿದೆ ಅಂತ ಕಣ್ಣಿಗೆ ಕಾಣತ್ತೆ. ಸಾಫ್ಟ್‌ವೇರ್ ಒಳಗೆ ಎಲ್ಲ ಅಳತೆಗಳ ಲಾಗರಿದಮ್ ತೆಗೆದು ಹಾಕಿದಾಗ ಮೊದಲು ಹೊರಗೆ ಬರೋ ದೊಡ್ಡ ವ್ಯತ್ಯಾಸ ಸಾಮಾನ್ಯವಾಗಿ ಗಾತ್ರದ್ದು, ಅದನ್ನ ಪಕ್ಕಕ್ಕಿಟ್ಟ ಮೇಲೆ ಉಳಿಯೋದರಲ್ಲಿ ಆಕಾರ ಇರತ್ತೆ.

ಇದಕ್ಕೂ ಬಹಳ ಹಿಂದೆ, 1917ರಲ್ಲಿ, ಸ್ಕಾಟ್‌ಲೆಂಡಿನ ಡಾರ್ಸಿ ಥಾಂಪ್ಸನ್ ಒಂದು ಚಿತ್ರ ಬರೆದಿದ್ದಾರೆ, ಅದನ್ನ ಪರದೆ ಮೇಲೆ ಹಾಕಿದಾಗ ಮಕ್ಕಳು ಎದ್ದು ನಿಂತು ನೋಡಿದ್ರು. ಮುಳ್ಳಂದಿ ಹಾಗೆ ಮೈತುಂಬ ಮುಳ್ಳಿರೋ ಡಯೋಡಾನ್ ಅನ್ನೋ ಮೀನಿನ ಮೇಲೆ ಚೌಕುಳಿ ಗೆರೆ ಎಳೆದು, ಆ ಚೌಕುಳಿಯನ್ನೇ ಹಿಂದಿನ ಕಡೆ ಬೀಸಣಿಗೆ ಬಿಚ್ಚಿದ ಹಾಗೆ ಬಾಗಿಸಿ ಹಿಗ್ಗಿಸಿದ್ರು. ಆಗ ಅದು ಸನ್‌ಫಿಶ್ ಆಗಿಬಿಡ್ತು, ಮೋಲಾ ಅಂತಾರಲ್ಲ, ತಲೆಗೇ ಎರಡು ರೆಕ್ಕೆ ಹಚ್ಚಿದ ಹಾಗೆ ಕಾಣೋ ದೈತ್ಯ ಮೀನು, ಅದು. ಒಂದು ಮೀನು ಇನ್ನೊಂದಾಯ್ತು ಅಂತಲ್ಲ, ಎರಡರ ಆಕಾರದ ನಡುವಿನ ವ್ಯತ್ಯಾಸ ಒಟ್ಟೊಟ್ಟಿಗೆ ಬೆಳವಣಿಗೆಯ ಒಂದೇ ಹರಿವಿನಲ್ಲಿ ಬರಬಹುದು, ರೆಕ್ಕೆ ಬೇರೆ ಕಣ್ಣು ಬೇರೆ ಅಂತ ತುಂಡುತುಂಡಾಗಿ ನೋಡಬೇಡಿ ಅಂತ ಅದರ ಅರ್ಥ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಪೆನ್ಸಿಲ್ ಹಿಡಿದು ಇಷ್ಟು ದೂರ ಕಂಡ್ರಲ್ಲ ಅಂತ ನಂಗೆ ಪ್ರತಿ ಸಲಾನೂ ಮೈ ಜುಂ ಅನ್ನತ್ತೆ. ಅಂದಹಾಗೆ ಈ ಸನ್‌ಫಿಶ್ ಕುಟುಂಬದ್ದೇ ಮೂಳೆಮೀನುಗಳಲ್ಲಿ ಅತಿ ಭಾರದ್ದು, 2021ರಲ್ಲಿ ಅಜೋರ್ಸ್ ದ್ವೀಪಗಳ ಹತ್ರ ಸತ್ತು ತೇಲ್ತಿದ್ದ ಒಂದನ್ನ ತೂಗಿದಾಗ 2744 ಕಿಲೋ ಬಂತು. ಇನ್ನೊಂದು ತುದೀಲಿ 2006ರಲ್ಲಿ ವಿವರಿಸಿದ ಸುಮಾತ್ರಾದ ಪೀಡೋಸಿಪ್ರಿಸ್ ಇದೆ, ಮೊಟ್ಟೆ ಇಡೋ ವಯಸ್ಸಿಗೆ ಬಂದ ಹೆಣ್ಣು 7.9 ಮಿಲಿಮೀಟರ್. ಎರಡಕ್ಕೂ ಮೀನು ಅಂತಲೇ ಹೆಸರು.

ಸರಿ, ಈಜಿಗೆ ಬರೋಣ.

ನೀರಲ್ಲಿ ಮುಂದೆ ಹೋಗೋ ವಸ್ತುವಿಗೆ ಎರಡು ಕಾಟ. ತೀರಾ ಗುಂಡಗಿದ್ರೆ ಹಿಂದೆ ನೀರು ಸುಳಿ ಸುತ್ತಿ ಎಳೆಯತ್ತೆ, ತೀರಾ ಉದ್ದ ಇದ್ರೆ ಹೊರಮೈ ಜಾಸ್ತಿಯಾಗಿ ಉಜ್ಜಾಟ ಹೆಚ್ಚತ್ತೆ. ನಡುವೆ ಒಂದು ಹದ ಇದೆ. ಉದ್ದವನ್ನ ಅತಿ ದಪ್ಪ ಜಾಗದ ದಪ್ಪದಿಂದ ಭಾಗಿಸಿದ್ರೆ ಬರೋ ಸಂಖ್ಯೆಗೆ ಫೈನ್‌ನೆಸ್ ರೇಷಿಯೋ ಅಂತಾರೆ. ಒಂದೇ ಗಾತ್ರದ ಮೈಗೆ ಅತಿ ಕಮ್ಮಿ ಎಳೆತ ಸಿಗೋದು ಇದು 4.5ರ ಹತ್ರ ಇದ್ದಾಗ. ಟ್ಯೂನಾ, ಕೆಲವು ವೇಗದ ಶಾರ್ಕ್, ಡಾಲ್ಫಿನ್ ಎಲ್ಲ ಈ ಆಸುಪಾಸಿಗೇ ಬರತ್ತೆ, ಡಾಲ್ಫಿನ್ ಅಂತೂ ಮೀನೇ ಅಲ್ಲ, ಬೇರೆ ಬೇರೆ ದಾರಿಯಿಂದ ಬಂದು ಒಂದೇ ಆಕಾರಕ್ಕೆ ಸೇರಿವೆ, ಯಾಕಂದ್ರೆ ನೀರು ಎಲ್ಲರಿಗೂ ಒಂದೇ. ಆದ್ರೆ ಇದನ್ನ ಜಪ ಮಾಡಬೇಡಿ, 3ರಿಂದ 7ರವರೆಗೆ ಹೋದ್ರೂ ಎಳೆತ ಸುಮಾರು 10 ಪರ್ಸೆಂಟ್ ಅಷ್ಟೇ ಏರುಪೇರಾಗತ್ತೆ. ಅಂದ್ರೆ ಬರೀ ಈ ಒಂದು ಸಂಖ್ಯೆಯಿಂದ ಯಾವ ಮೀನು ವೇಗದ್ದು ಅಂತ ಹೇಳೋಕಾಗಲ್ಲ.

ಹೇಳೋಕಾಗೋದು ಬಾಲ ಸೇರಿಸಿದಾಗ. ಬಾಲದ ರೆಕ್ಕೆಯ ಎತ್ತರವನ್ನ ಅದರಿಂದಲೇ ಗುಣಿಸಿ ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿ. 20 ಸೆಂಟಿಮೀಟರ್ ಎತ್ತರದ ಕುಡುಗೋಲಿನಂಥ ಬಾಲ, ವಿಸ್ತೀರ್ಣ 80 ಚದರ ಸೆಂಟಿಮೀಟರ್ ಅಂದ್ರೆ 400 ಭಾಗಿಸು 80, ಐದು. ಅದೇ ಎತ್ತರದ ಬೀಸಣಿಗೆ ಥರದ ಬಾಲ 250 ಚದರ ಸೆಂಟಿಮೀಟರ್ ಇದ್ರೆ 1.6. ಇದಕ್ಕೆ ಆಸ್ಪೆಕ್ಟ್ ರೇಷಿಯೋ ಅಂತಾರೆ, ವಿಮಾನದ ರೆಕ್ಕೆಗೆ ಹೇಳೋದೂ ಇದೇ ಮಾತು, ಲೆಕ್ಕಾನೂ ಒಂದೇ. ಉದ್ದಕ್ಕೆ ಸಣ್ಣಗಿರೋ ರೆಕ್ಕೆ ಕಮ್ಮಿ ಎಳೆತದಲ್ಲಿ ತಳ್ಳತ್ತೆ, ದಿನಗಟ್ಟಲೆ ಒಂದೇ ಸಮ ಈಜೋಕೆ ಅದೇ ಲಾಭ. ಅಗಲದ ಬೀಸಣಿಗೆ ಬಾಲ ಒಂದೇ ಏಟಿಗೆ ಬಹಳ ನೀರು ಹಿಂದಕ್ಕೆ ದಬ್ಬತ್ತೆ, ನಿಂತಲ್ಲಿಂದ ಚಂಗನೆ ಹಾರೋಕೆ ಅದು ಬೇಕು, ಆದ್ರೆ ಹಾಗೇ ಬೀಸ್ತಾ ಇದ್ರೆ ಸುಸ್ತಾಗತ್ತೆ. ಡೇನಿಯಲ್ ಪಾಲಿ ಅನ್ನೋ ವಿಜ್ಞಾನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಾಲದ ಈ ಸಂಖ್ಯೆಯಿಂದ ಮೀನು ಎಷ್ಟು ತಿನ್ನತ್ತೆ ಅಂತ ಅಂದಾಜು ಮಾಡಬಹುದು ಅಂತ ತೋರಿಸಿದ್ರು, ಜಾಸ್ತಿ ಓಡಾಡೋದು ಜಾಸ್ತಿ ತಿನ್ನಲೇಬೇಕಲ್ಲ.

ಈಗ ತೊಟ್ಟು. ಟ್ಯೂನಾ ಬಾಲದ ತೊಟ್ಟು ಕೈಗೆ ತಗೊಂಡು ನೋಡಿದ್ರೆ ಆಶ್ಚರ್ಯ ಆಗತ್ತೆ, ಅಷ್ಟು ದೊಡ್ಡ ಮೈ ಬಂದು ಬಂದು ಅಷ್ಟು ಸಣ್ಣ ಜಾಗದಲ್ಲಿ ನಿಂತು ಮತ್ತೆ ದೊಡ್ಡ ಬಾಲವಾಗಿ ತೆರೆದುಕೊಳ್ಳತ್ತೆ. ಬಾಲ ಪಕ್ಕಕ್ಕೆ ಬೀಸಿದಾಗ ತೊಟ್ಟೂ ಪಕ್ಕಕ್ಕೆ ಹೋಗತ್ತೆ, ಅದು ಎತ್ತರ ಇದ್ದಷ್ಟೂ ಪಕ್ಕದ ನೀರನ್ನ ಸುಮ್ಮನೆ ದಬ್ಬತ್ತೆ, ಅದರ ಹಿಂದೇಟಿಗೆ ತಲೆ ಕೂಡ ಆಚೀಚೆ ಅಲ್ಲಾಡತ್ತೆ, ಶಕ್ತಿ ಪೋಲು. ಅದಕ್ಕೆ ಸಣ್ಣಗಿರಬೇಕು. ಆದ್ರೆ ಸಣ್ಣಗಿದ್ರೆ ಮುರಿಯಬಾರದಲ್ಲ, ಅದಕ್ಕೆ ಎರಡೂ ಪಕ್ಕಕ್ಕೆ ಗಟ್ಟಿ ಏಣು ಇರತ್ತೆ, ಬಾಲ ಎಳೆಯೋ ಹುರಿಗಳು ಅಲ್ಲಿಂದ ಹಾದುಹೋಗತ್ತೆ, ಏಣಿನ ಅಂಚು ಪಕ್ಕದ ನೀರನ್ನ ಸೀಳೋಕೂ ಅನುಕೂಲ. ಅಂಜಲ್ ಮೀನಿನ ತೊಟ್ಟಿನ ಮೇಲೆ ಬೆರಳಾಡಿಸಿದ್ರೂ ಈ ಏಣು ಸಿಗತ್ತೆ. ಪೈಕ್ ಅನ್ನೋ ಸಿಹಿನೀರಿನ ಬೇಟೆಗಾರ ಮೀನಿನಲ್ಲಿ ಪೂರ್ತಿ ಉಲ್ಟಾ. ಅದರ ತೊಟ್ಟು ದಪ್ಪ, ಬೆನ್ನಿನ ರೆಕ್ಕೆ ಹೊಟ್ಟೆಯ ಹಿಂದಿನ ರೆಕ್ಕೆ ಎರಡೂ ಹಿಂದಕ್ಕೆ ಬಾಲದ ಹತ್ರವೇ ಹೋಗಿ ಕೂತಿವೆ, ಅಂದ್ರೆ ಮೈಯಿನ ಹಿಂಭಾಗ ಪೂರ್ತಿ ಒಂದು ಹುಟ್ಟು. ಅದು ದಿನವಿಡೀ ಈಜಲ್ಲ, ಗಿಡಗಳ ನಡುವೆ ಕಡ್ಡಿ ಥರ ನಿಂತಿದ್ದು ಒಂದೇ ಏಟಿಗೆ ಹಾರಿ ಹಿಡಿಯತ್ತೆ. ಮೂತಿಯಿಂದ ಬೆನ್ನಿನ ರೆಕ್ಕೆಗೆ ಎಷ್ಟು ದೂರ ಅನ್ನೋ ಅಳತೆ ಬೇಸರದ ಅಳತೆ ಅನ್ನಿಸತ್ತೆ, ಆದ್ರೆ ಪೈಕ್ ಬೇಟೆ ಆಡೋ ರೀತಿ ಅದೊಂದು ಸಂಖ್ಯೆಯಲ್ಲೇ ಇದೆ.

1984ರಲ್ಲಿ ಪಾಲ್ ವೆಬ್ ಇದನ್ನೆಲ್ಲ ಒಟ್ಟಿಗೆ ಇಟ್ಟು ಹೇಳಿದ್ದು, ಮೂರು ಕೆಲಸ ಇದೆ: ಒಂದೇ ಸಮ ದೂರ ಈಜೋದು, ಚಂಗನೆ ಹಾರೋದು, ಇಕ್ಕಟ್ಟಲ್ಲಿ ತಿರುಗಾಡೋದು. ಟ್ಯೂನಾ ಮೊದಲನೇದಕ್ಕೆ, ಪೈಕ್ ಎರಡನೇದಕ್ಕೆ, ಹವಳದ ದಿಬ್ಬದ ಬಟರ್‌ಫ್ಲೈ ಮೀನು ಮೂರನೇದಕ್ಕೆ. ಬಟರ್‌ಫ್ಲೈ ಮೀನಿನ ಮೈ ಎತ್ತರ, ತೆಳು, ಹಪ್ಪಳದ ಹಾಗೆ, ರೆಕ್ಕೆಗಳು ಸುತ್ತಲೂ ಹರಡಿವೆ, ಅದರಿಂದ ನಿಂತಲ್ಲೇ ತಿರುಗೋಕೆ, ಹಿಂದಕ್ಕೆ ಬರೋಕೆ ಆಗತ್ತೆ. ಮೂರನ್ನೂ ಚೆನ್ನಾಗಿ ಮಾಡೋ ಮೈ ಇಲ್ಲ, ಒಂದರಲ್ಲಿ ಗೆದ್ರೆ ಇನ್ನೊಂದರಲ್ಲಿ ಬಿಟ್ಟುಕೊಡಬೇಕು. ಹೆಚ್ಚಿನ ಮೀನು ಈ ತ್ರಿಕೋನದ ನಡುವೆ ಎಲ್ಲೋ ಇರತ್ತೆ, ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬರತ್ತೆ, ಅದೂ ಒಂದು ಬದುಕೋ ದಾರಿಯೇ.

ಎದೆಯ ರೆಕ್ಕೆ ಬಿಟ್ಟುಬಿಡೋ ಹಾಗಿಲ್ಲ. ಸ್ಕಿಪ್‌ಜ್ಯಾಕ್ ಟ್ಯೂನಾಗೆ ಗಾಳಿಚೀಲ ಇಲ್ಲ, ಈಜೋದು ನಿಲ್ಲಿಸಿದ್ರೆ ಮುಳುಗತ್ತೆ, ಎದೆಯ ರೆಕ್ಕೆಗಳನ್ನ ವಿಮಾನದ ರೆಕ್ಕೆ ಥರ ಚಾಚಿ ಮೇಲೆತ್ತೋ ಬಲ ಪಡೆಯತ್ತೆ. ಜಾನ್ ಮ್ಯಾಗ್ನುಸನ್ ಟ್ಯೂನಾಗಳಲ್ಲಿ ಇದನ್ನೇ ಅಳೆದು, ಗಾಳಿಚೀಲ ಇರೋದು ಇಲ್ಲದಿರೋದು, ಎದೆಯ ರೆಕ್ಕೆಯ ಗಾತ್ರ, ಮುಳುಗದೇ ಇರೋಕೆ ಬೇಕಾದ ಕನಿಷ್ಠ ವೇಗ, ಮೂರಕ್ಕೂ ನಂಟು ತೋರಿಸಿದ್ರು. ಇನ್ನು ಹವಳದ ದಿಬ್ಬದ ರಾಸ್ ಮೀನುಗಳು ಬಾಲ ಸುಮ್ಮನಿಟ್ಟು ಎದೆಯ ರೆಕ್ಕೆ ಬಡಿದೇ ಈಜೋವು. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ನೋಡಿದಾಗ ಅಲೆ ಬಡಿಯೋ ಆಳವಿಲ್ಲದ ಜಾಗದಲ್ಲಿ ಇರೋ ಜಾತಿಗಳಿಗೆ ಎದೆಯ ರೆಕ್ಕೆ ಉದ್ದಕ್ಕೆ ಚೂಪು, ನೀರು ಶಾಂತವಾಗಿರೋ ಕಡೆ ಇರೋವಕ್ಕೆ ದುಂಡಗೆ ಅಗಲ. ರೆಕ್ಕೆ ಅಳೆದ್ರೆ ಆ ಮೀನು ದಿಬ್ಬದ ಯಾವ ಬದೀಲಿ ಮನೆ ಮಾಡಿದೆ ಅಂತ ಊಹೆ ಮಾಡಬಹುದು!

ವೇಗದ ಬಗ್ಗೆ ಎಲ್ಲರೂ ಕೇಳ್ತಾರೆ. 1958ರಲ್ಲಿ ರಿಚರ್ಡ್ ಬೇನ್‌ಬ್ರಿಡ್ಜ್ ಬಳೆ ಥರದ ದುಂಡನೆ ತೊಟ್ಟಿ ಮಾಡಿ, ಮೀನು ಈಜಿದಷ್ಟೇ ವೇಗದಲ್ಲಿ ತೊಟ್ಟಿಯನ್ನ ಹಿಂದಕ್ಕೆ ತಿರುಗಿಸಿ, ಮೀನು ಕ್ಯಾಮೆರಾ ಎದುರೇ ಇರೋ ಹಾಗೆ ಮಾಡಿದ್ರು. ಡೇಸ್, ಟ್ರೌಟ್, ಗೋಲ್ಡ್‌ಫಿಶ್ ಈಜಿಸಿ ನೋಡಿದಾಗ ಬಂದದ್ದು, ಬಾಲ ಜೋರಾಗಿ ಬಡಿಯುವಾಗ ಒಂದು ಬಡಿತಕ್ಕೆ ಮೀನು ತನ್ನ ಮೈಯುದ್ದದ ಸುಮಾರು 0.6ರಿಂದ 0.7 ಪಾಲು ಮುಂದೆ ಹೋಗತ್ತೆ. 20 ಸೆಂಟಿಮೀಟರ್ ಮೀನು ಸೆಕೆಂಡಿಗೆ ಹತ್ತು ಸಲ ಬಾಲ ಬಡಿದ್ರೆ ಸೆಕೆಂಡಿಗೆ 130 ಸೆಂಟಿಮೀಟರ್ ಆಸುಪಾಸು. ಹಾಗಾದ್ರೆ ಎರಡು ಮೀಟರ್ ಮೀನು ಇದರ ಹತ್ತರಷ್ಟು ವೇಗ ಹೋಗಬೇಕಲ್ಲ? ಹೋಗಲ್ಲ, ಯಾಕಂದ್ರೆ ದೊಡ್ಡ ಮೀನಿನ ಸ್ನಾಯು ಒಂದು ಸಲ ಸೆಟೆಯೋಕೆ ಜಾಸ್ತಿ ಹೊತ್ತು ತಗೊಳ್ಳತ್ತೆ, ಅಷ್ಟು ಬೇಗ ಬಡಿಯೋಕಾಗಲ್ಲ. 1975ರಲ್ಲಿ ಕ್ಲೆಮ್ ವಾರ್ಡ್ಲ್ ಹೇಳಿದ್ದು ಇದನ್ನೇ. ದೊಡ್ಡದು ಮೀಟರ್ ಲೆಕ್ಕದಲ್ಲಿ ಮುಂದೆ, ಮೈಯುದ್ದದ ಲೆಕ್ಕದಲ್ಲಿ ಚಿಕ್ಕದೇ ಮುಂದೆ. ಸೇಲ್‌ಫಿಶ್ ಗಂಟೆಗೆ 110 ಕಿಲೋಮೀಟರ್ ಈಜತ್ತೆ ಅಂತ ಎಲ್ಲ ಕಡೆ ಬರೆದಿರತ್ತೆ, ಮಕ್ಕಳ ಕ್ವಿಜ್‌ನಲ್ಲೂ ಕೇಳ್ತಾರೆ. 2016ರಲ್ಲಿ ಅದರ ಸ್ನಾಯು ಸೆಟೆಯೋ ಹೊತ್ತು ಅಳೆದು ಲೆಕ್ಕ ಹಾಕಿದಾಗ ಸಿಕ್ಕಿದ್ದು ಸೆಕೆಂಡಿಗೆ 8 ಮೀಟರ್ ಆಸುಪಾಸು, ಗಂಟೆಗೆ 30 ಕಿಲೋಮೀಟರ್. ದಯವಿಟ್ಟು ಆ 110 ಅನ್ನೋದನ್ನ ಮಕ್ಕಳಿಗೆ ಹೇಳಿಕೊಡೋದು ನಿಲ್ಲಿಸಿ.

ತೀರಾ ಚಿಕ್ಕದಾದಾಗ ನೀರೇ ಬೇರೆಯಾಗತ್ತೆ. ಕೆಲವೇ ಮಿಲಿಮೀಟರ್ ಉದ್ದದ ಮರಿಗೆ ನೀರು ಅಂದ್ರೆ ಜೇನುತುಪ್ಪದ ಹಾಗೆ ಅಂಟು, ಬಾಲ ಬಡಿಯೋದು ನಿಲ್ಲಿಸಿದ್ರೆ ಅಲ್ಲೇ ನಿಂತುಬಿಡತ್ತೆ, ಜಾರ್ಕೊಂಡು ಹೋಗಲ್ಲ. ಅದಕ್ಕೆ ಮೊಟ್ಟೆಯಿಂದ ಬಂದ ಮರಿ ಮುಂದೆ ಟ್ಯೂನಾ ಆಗಲಿ ಬೇರೇನಾಗಲಿ ಶುರುವಲ್ಲಿ ಮೈಯೆಲ್ಲ ಬಳುಕಿಸಿಯೇ ಈಜತ್ತೆ, ದೊಡ್ಡದಾಗ್ತಾ ಆಕಾರ ಬದಲಾಗತ್ತೆ, ಈಜೂ ಬದಲಾಗತ್ತೆ. ಮೊದಲು ಹೇಳಿದ ಅಲೋಮೆಟ್ರಿ ಇಲ್ಲಿ ಬಂದು ಸೇರ್ಕೊಳ್ತು ನೋಡಿ.

ಕೊನೇದಾಗಿ, ಆಕಾರ ಅಂದ್ರೆ ಹುಟ್ಟಿನಿಂದ ಬರೆದಿಟ್ಟಿದ್ದು ಅಂತ ತಿಳ್ಕೋಬೇಡಿ. ಕ್ರೂಷಿಯನ್ ಕಾರ್ಪ್ ಅನ್ನೋ ಕೊಳದ ಮೀನು ಇದೆ. 1992ರಲ್ಲಿ ಕ್ರಿಸ್ಟರ್ ಬ್ರೋನ್‌ಮಾರ್ಕ್ ಮತ್ತು ಜೆಫ್ರಿ ಮೈನರ್ ತೋರಿಸಿದ್ದು, ಪೈಕ್ ಜೊತೆ ಇರಿಸಿದ ಕಾರ್ಪ್‌ಗಳು ಕೆಲವೇ ತಿಂಗಳಲ್ಲಿ ಮೈ ಎತ್ತರ ಮಾಡ್ಕೊಳ್ತವೆ, ಪೈಕ್ ಬಾಯಿಗೆ ಹಿಡಿಸದ ಹಾಗೆ. ಒಂದೇ ತಳಿ, ಬರೀ ಪಕ್ಕದಲ್ಲಿ ಯಾರಿದ್ದಾರೆ ಅನ್ನೋದು ಬೇರೆ. ಅದಕ್ಕೆ ಬೆಲೆಯೂ ತೆರಬೇಕು, ಎತ್ತರದ ಮೈಗೆ ಈಜುವಾಗ ಎಳೆತ ಜಾಸ್ತಿ, ಅದಕ್ಕೇ ಪೈಕ್ ಇಲ್ಲದ ಕಡೆ ಸಪೂರ ಇರೋದೇ ಲಾಭ. ಬಹಾಮಾಸ್ ದ್ವೀಪಗಳ ನೀರುಗುಂಡಿಗಳಲ್ಲಿ ಗಂಬೂಸಿಯಾ ಅನ್ನೋ ಪುಟ್ಟ ಮೀನು ಬೇರೆ ಉತ್ತರ ಕಂಡ್ಕೊಂಡಿದೆ. ತಿನ್ನೋ ಮೀನು ಇರೋ ಗುಂಡಿಗಳಲ್ಲಿ ಅದರ ಬಾಲದ ತೊಟ್ಟಿನ ಭಾಗ ದೊಡ್ಡದು, ತಲೆ ಚಿಕ್ಕದು, ಚಂಗನೆ ತಪ್ಪಿಸ್ಕೊಳ್ಳೋಕೆ. ಒಂದು ಬಾಯಿಗೆ ಸಿಗದ ಹಾಗೆ ದೊಡ್ಡದಾಯ್ತು, ಇನ್ನೊಂದು ಕೈಗೆ ಸಿಗದ ಹಾಗೆ ಓಡೋದು ಕಲಿತು. ಶತ್ರು ಒಂದೇ ಥರದ್ದು, ಸ್ಕೇಲಿಗೆ ಬರೋ ಅಳತೆ ಮಾತ್ರ ಬೇರೆ ಬೇರೆ.

ಪ್ರಶ್ನೋತ್ತರದಲ್ಲಿ ಹಿರಿಯರೊಬ್ಬರು ಕೇಳಿದ್ರು, ಫಾರ್ಮಲಿನ್‌ನಲ್ಲಿ ಇಟ್ಟ ಮೀನು ಅಳೆದ್ರೆ ಸರಿ ಬರತ್ತಾ ಅಂತ. ಕುಗ್ಗತ್ತೆ ಸರ್, ಹಸಿ ಮೀನಿನ ಜೊತೆ ಜಾಡಿ ಮೀನನ್ನ ಒಂದೇ ಪಟ್ಟಿಗೆ ಹಾಕಬಾರದು, ಹಾಕಲೇಬೇಕು ಅಂದ್ರೆ ಕೆಲವು ಮೀನನ್ನ ಇಡೋಕೆ ಮುಂಚೆ ಒಮ್ಮೆ ಇಟ್ಟ ಮೇಲೆ ಒಮ್ಮೆ ಅಳೆದು ಎಷ್ಟು ಕುಗ್ಗಿತು ಅಂತ ನೋಡ್ಕೋಬೇಕು. ಇನ್ನೊಬ್ಬರು ಹೊಟ್ಟೇಲಿ ಮೊಟ್ಟೆ ಇದ್ರೆ ಏನು ಮಾಡ್ತೀರಿ ಅಂದ್ರು, ಒಳ್ಳೇ ಪ್ರಶ್ನೆ, ಮೈಯಿನ ಎತ್ತರ ದಪ್ಪ ಎರಡೂ ಸುಳ್ಳು ಹೇಳತ್ತೆ ಆಗ, ಹೆಣ್ಣು ಗಂಡು ಬೇರೆ ಬೇರೆ ಬರೀಬೇಕು, ತಿಂಗಳನ್ನೂ ಬರೀಬೇಕು.

ಹಿಂದಿನ ಸಾಲಲ್ಲಿದ್ದ ಒಬ್ಬ ಹುಡುಗಿ, ಒಂಬತ್ತೋ ಹತ್ತೋ ವರ್ಷ ಇರಬೇಕು, ನಮ್ಮನೆ ಅಕ್ವೇರಿಯಂ ಮೀನನ್ನ ಸಾಯಿಸದೇ ಅಳೀಬಹುದಾ ಅಂತ ಕೇಳಿದ್ಲು. ಅಳೀಬಹುದು ಪುಟ್ಟಿ. ಗಾಜಿನ ಮುಂದೆ ಸ್ವಲ್ಪ ದೂರ ನಿಂತು ಜೂಮ್ ಮಾಡಿ ವಿಡಿಯೋ ತಗೋ, ಹತ್ರ ಹೋಗಿ ತೆಗೆದ್ರೆ ಅಂಚುಗಳು ಸೊಟ್ಟ ಬರತ್ತೆ. ಮೀನು ನಿನಗೆ ಪೂರ್ತಿ ಪಕ್ಕ ತೋರಿಸಿ, ಮೈ ನೆಟ್ಟಗಿರೋ ಒಂದು ಚಿತ್ರ ಆರಿಸು. ಸೆಂಟಿಮೀಟರ್ ಎಷ್ಟು ಅಂತ ಗೊತ್ತಾಗಬೇಕಾದ್ರೆ ನೀರೊಳಗೆ ಮೀನಿನಷ್ಟೇ ದೂರದಲ್ಲಿ ಸ್ಕೇಲ್ ಇರಬೇಕು, ಗಾಜಿನ ಹೊರಗೆ ಅಂಟಿಸಿದ್ರೆ ನೀರು ಬೆಳಕನ್ನ ಬಾಗಿಸೋದರಿಂದ ಲೆಕ್ಕ ತಪ್ಪತ್ತೆ. ಸ್ಕೇಲ್ ಇಲ್ಲದಿದ್ರೂ ಪರವಾಗಿಲ್ಲ, ಉದ್ದ ಭಾಗಿಸು ಎತ್ತರ, ಮೈ ಎತ್ತರ ಭಾಗಿಸು ತೊಟ್ಟಿನ ಎತ್ತರ, ಇವೆರಡು ಚಿತ್ರದ ಮೇಲೇ ಸಿಗತ್ತೆ. ಎರಡು ಮೂರು ಜಾತಿ ಮೀನಿದ್ರೆ ಎಲ್ಲಕ್ಕೂ ಮಾಡು, ಆಮೇಲೆ ಹತ್ತು ನಿಮಿಷ ಸುಮ್ಮನೆ ಕೂತು ಯಾವುದು ತೊಟ್ಟಿ ಉದ್ದಕ್ಕೂ ಓಡಾಡತ್ತೆ, ಯಾವುದು ಗಿಡದ ಸಂದೀಲಿ ತಿರುಗತ್ತೆ ಅಂತ ಬರ್ಕೋ. ಕಾಲಂ ಮೇಲೆ ಯಾವ ಉದ್ದ ಅಂತ ಬರೆಯೋದು ಮರೀಬೇಡ ಅಂದೆ, ಅವಳು ಆಗಲೇ ಕೈ ಮೇಲೆ ಪೆನ್ನಲ್ಲಿ ಸ್ಟ್ಯಾಂಡರ್ಡ್ ಲೆಂತ್ ಅಂತ ಬರ್ಕೊಂಡಿದ್ಲು.